ನೆರಳಿನ ಲೆಕ್ಕ

ನೆಲಕ್ಕೆ ಖಾತೆ ಉಂಟು, ಕಂದಾಯ ಉಂಟು, ಚಕ್ಕುಬಂದಿ ಉಂಟು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ರಸ್ತೆ ಎಂದು ಕ್ರಯಪತ್ರದಲ್ಲಿ ನಾಲ್ಕು ದಿಕ್ಕುಗಳನ್ನೂ ಬಿಡದೆ ಬರೆಯುತ್ತಾರೆ. ಆದರೆ ತಲೆಯ ಮೇಲಣ ದಿಕ್ಕನ್ನು ಯಾವ ಪತ್ರಬರಹಗಾರನೂ ಬರೆದದ್ದನ್ನು ನಾನು ಕಂಡಿಲ್ಲ. ಬೆಂಗಳೂರು ಎಲ್ಲಿಯವರೆಗೆ ಹಬ್ಬಬಹುದೆಂಬುದಕ್ಕೆ ಕೆಂಪೇಗೌಡರ ಮನೆತನದವರು ನಾಲ್ಕು ಗೋಪುರಗಳನ್ನು ನಿಲ್ಲಿಸಿದರೆಂದು ಪ್ರತೀತಿ. ಲಾಲ್‌ಬಾಗಿನ ಬಂಡೆಯ ಮೇಲೊಂದು, ಕೆಂಪಾಂಬುಧಿ ಕೆರೆಯ ಬಳಿಯೊಂದು, ಹೀಗೆ. ಊರು ಎಷ್ಟು ಎತ್ತರಕ್ಕೆ ಏರಬಹುದೆಂದು ಗುರುತು ಹಾಕಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಿರಲಾರದು. ಆ ಗುರುತನ್ನು ಹಾಕುವ, ಅಳಿಸುವ, ಮತ್ತೆ ಹಾಕುವ ಕೆಲಸ ನಮ್ಮ ಕಾಲದ ಪಾಲಿಗೆ ಬಂದಿದೆ. ಈ ಕೆಲಸದಲ್ಲಿ ನನ್ನದೂ ಒಂದು ಅಲ್ಪ ಪಾತ್ರವಿತ್ತು. ಅದನ್ನು ನೆನೆದರೆ ಹೆಮ್ಮೆಯೂ ಆಗುತ್ತದೆ, ನಾಚಿಕೆಯೂ ಆಗುತ್ತದೆ. ಎರಡನ್ನೂ ತಮ್ಮ ಮುಂದೆ ನಿವೇದಿಸಿಕೊಳ್ಳುವುದು ಈ ಭಾಷಣದ ಉದ್ದೇಶ.

ನಾನು ಬಸವನಗುಡಿಯವನು. ನಮ್ಮ ತಾತ ಬಳೇಪೇಟೆಯವರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿ ನಿಂತಿದ್ದ ಮನೆಗಳನ್ನು ಬಿಟ್ಟು ಜನ ಹೊರಗೆ ಬಂದರು. ಆ ದಶಕದಲ್ಲಿಯೇ ರೂಪುಗೊಳ್ಳುತ್ತಿದ್ದ ಎರಡು ಬಡಾವಣೆಗಳು, ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ, ಪ್ಲೇಗಿನ ಅನಂತರ ತುಂಬತೊಡಗಿದವು. ಗಾಳಿ ಮತ್ತು ಬೆಳಕು, ಈ ಎರಡೇ ಅಂದಿನ ಮದ್ದು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂದುಗಡೆ ಕಸ ಸಾಗಿಸಲು ಪ್ರತ್ಯೇಕ ಗಲ್ಲಿ, ನಡುವೆ ಉದ್ಯಾನ. ಮನೆಗೂ ಮನೆಗೂ ನಡುವೆ ಬಿಟ್ಟ ಆ ಬಯಲಿನಲ್ಲಿಯೇ ನಮ್ಮ ತಂದೆ ಆಡಿ ಬೆಳೆದರು, ನಾನೂ ಆಡಿ ಬೆಳೆದೆ. ಪೇಟೆ ನಡಿಗೆಯ ದೂರದಲ್ಲಿತ್ತು. ಆದರೆ ಪೇಟೆಯ ಉಸಿರುಕಟ್ಟು ನಮ್ಮಲ್ಲಿರಲಿಲ್ಲ. ನಗರದ ನಡುವೆ ಇದ್ದೂ ನಗರದ ಭಾರ ಹೊರದ ಭಾಗ್ಯ ನಮ್ಮದಾಗಿತ್ತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ಬಯಲು ಆಕಾಶದಿಂದ ಉದುರಿದ್ದಲ್ಲ. ಅಲ್ಲಿ ಸುಂಕೇನಹಳ್ಳಿ ಎಂಬ ಹಳ್ಳಿಯಿತ್ತು, ಹೊಲಗಳಿದ್ದವು. ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ಇಂದಿಗೂ ನಡೆಯುವ ಕಡಲೆಕಾಯಿ ಪರಿಷೆ ಆ ಹೊಲಗಳ ನೆನಪು. ನಮ್ಮ ತಾತನಿಗೆ ಗಾಳಿ ಬೆಳಕು ಬೇಕಾಯಿತೆಂದು ಹೊಲ ನಿವೇಶನವಾಯಿತು. ಕಡಲೆಕಾಯಿ ಬೆಳೆಯುತ್ತಿದ್ದವನು ಆಕ್ಷೇಪಣೆಯ ಅರ್ಜಿ ಬರೆದುಕೊಂಡು ಯಾವ ಕಚೇರಿಯ ಮೆಟ್ಟಿಲು ಹತ್ತಿದನೋ, ಹತ್ತಬಹುದೆಂಬುದಾದರೂ ಅವನಿಗೆ ತಿಳಿದಿತ್ತೋ ಇಲ್ಲವೋ.

ಇನ್ನು ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ನಗರ ಯೋಜನೆಯಲ್ಲಿ ಒಂದು ನಿಯಮವಿತ್ತು. ಮೆಟ್ರೋ ನಿಲ್ದಾಣದಿಂದ 150 ಮೀಟರಿನೊಳಗೆ ಇರುವ ನಿವೇಶನಗಳಲ್ಲಿ ಎಫ್.ಎ.ಆರ್. ಎಂಬ ಅನುಪಾತವನ್ನು ನಾಲ್ಕರವರೆಗೆ ಕೊಡಬಹುದು ಎಂಬುದೇ ಆ ನಿಯಮ. ಹಾಗೆಂದರೇನು? ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ನೆಲವನ್ನು ಅಂತಸ್ತುಗಳಾಗಿ ಕಟ್ಟಬಹುದು ಎಂಬ ಲೆಕ್ಕ. ಅರವತ್ತು ತೊಂಬತ್ತರ ನಿವೇಶನವೆಂದರೆ 5,400 ಚದರಡಿ. ಅದರ ನಾಲ್ಕು ಪಟ್ಟು 21,600. ಸುತ್ತಲೂ ಜಾಗ ಬಿಟ್ಟು ನಿವೇಶನದ ಅರ್ಧದಲ್ಲಿ ಮಾತ್ರ ಕಟ್ಟಿದರೆ ಎಂಟು ಅಂತಸ್ತು, ಸುಮಾರು 24 ಮೀಟರ್ ಎತ್ತರ. ನಿಯಮ ಕಾಗದದಲ್ಲಿ ಮಲಗಿರುವವರೆಗೆ ನಮಗೆ ಅದರ ಪರಿವೆ ಇರಲಿಲ್ಲ. 2017ರ ಜೂನ್ ತಿಂಗಳಲ್ಲಿ ಕಂಬಗಳ ಮೇಲೆ ರೈಲು ಓಡತೊಡಗಿತು. ನ್ಯಾಷನಲ್ ಕಾಲೇಜಿನ ನಿಲ್ದಾಣ ಬಾಗಿಲು ತೆರೆಯಿತು. ನಮ್ಮ ಬೀದಿ ಆ 150 ಮೀಟರಿನ ವೃತ್ತದೊಳಗೆ ಬಿತ್ತು. ನಿಯಮ ಎದ್ದು ಕುಳಿತಿತು.

ನಮ್ಮ ಮನೆಗೆ ಪೂರ್ವದಲ್ಲಿರುವುದು ಅರವತ್ತು ತೊಂಬತ್ತರ ಮೂಲೆ ನಿವೇಶನ. ಅದರಲ್ಲಿ ಮಂಗಳೂರು ಹೆಂಚಿನ, ಮುಂದೆ ಮರದ ಜಾಲರಿಯ, ಕೆಂಪು ಗಾರೆ ನೆಲದ ಹಳೆಯ ಮನೆ. ಮನೆಯ ಯಜಮಾನರು ನನಗಿಂತ ಮೂರು ವರ್ಷ ಹಿರಿಯರು. ಗೋಲಿ ಆಡಿದಾಗಿನಿಂದ ಪರಿಚಿತರು. ಅವರು ಮೂವರು ಅಣ್ಣತಮ್ಮಂದಿರು, ಒಬ್ಬ ತಂಗಿ. ನಾಲ್ಕು ಪಾಲು. ಎಂಟಂತಸ್ತು ಕಟ್ಟುವ ಬಿಲ್ಡರನೊಬ್ಬ ಬಂದಿದ್ದಾನೆಂಬ ಸುದ್ದಿ ಒಂದು ಬೆಳಗ್ಗೆ ಹಾಲಿನ ಜೊತೆಗೇ ಬೀದಿಯ ಮನೆಮನೆಗೂ ತಲುಪಿತು.

ಮುಂದಿನ ಭಾನುವಾರವೇ ಬೀದಿಯವರ ಸಭೆ ಸೇರಿತು. ಅಷ್ಟು ಜನ ಒಟ್ಟಿಗೆ ಸೇರಿದ್ದನ್ನು ಗಣೇಶನ ಚೌತಿಯಲ್ಲಿಯೂ ನಾನು ಕಂಡಿರಲಿಲ್ಲ. ನಾನು ಪ್ರೌಢಶಾಲೆಯಲ್ಲಿ ಮೂವತ್ತಾರು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ಲೆಕ್ಕದ ಭಾಗ ನನ್ನ ಪಾಲಿಗೆ ಬಂತು. ನಾನು ಅದನ್ನು ಶ್ರದ್ಧೆಯಿಂದ ಮಾಡಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಕೊನೆಗೆ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ನೆರಳಿನ ಉದ್ದ ವಸ್ತುವಿನ ಎತ್ತರದ ಮುಕ್ಕಾಲು ಪಾಲು. 24 ಮೀಟರಿನ ಕಟ್ಟಡದ ನೆರಳು 18 ಮೀಟರ್. ಅದು ನಲವತ್ತಡಿ ರಸ್ತೆಯನ್ನು ದಾಟಿ ಎದುರುಮನೆಯ ಕಾಂಪೌಂಡನ್ನು ಮುಟ್ಟುತ್ತದೆ. ಬೆಳಗಿನ ಒಂಬತ್ತಕ್ಕೆ ನೆರಳು ಎತ್ತರದ ಸುಮಾರು ಒಂದೂಮುಕ್ಕಾಲು ಪಟ್ಟು. 42 ಮೀಟರ್ ವಾಯವ್ಯಕ್ಕೆ ಚಾಚಿ ನಮ್ಮ ಮನೆಯನ್ನು ಮುಚ್ಚುತ್ತದೆ. ನೀರಿನ ಲೆಕ್ಕವನ್ನೂ ಹಾಕಿದೆ. ಹದಿನಾರು ಸಂಸಾರ, ಸಂಸಾರಕ್ಕೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ: 8,640 ಲೀಟರ್. ಆರು ಜನರಿದ್ದ ಒಂದು ಮನೆ ಬಳಸುತ್ತಿದ್ದ 810 ಲೀಟರಿನ ಜಾಗದಲ್ಲಿ ಇಷ್ಟು. ಕೊಳವೆ ಅದೇ, ಒಳಚರಂಡಿ ಅದೇ.

ಚಪ್ಪಾಳೆಯಾಯಿತು. ಮೇಷ್ಟ್ರಿಗೆ ನಿವೃತ್ತಿಯ ಅನಂತರ ಚಪ್ಪಾಳೆ ಅಪರೂಪ; ನಾನು ಅದರ ಸವಿಯಲ್ಲಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು ಆವೇಶದಿಂದ ಹೇಳಿದರು: “ಇವೆಲ್ಲ ಇರಲಿ ಸ್ವಾಮಿ. ಸಂಕ್ರಾಂತಿಯ ದಿನ ಗವಿ ಗಂಗಾಧರೇಶ್ವರನ ಮೇಲೆ ಬೀಳೋ ಸೂರ್ಯಕಿರಣ ಏನಾಗಬೇಕು? ಇಂಥ ಕಟ್ಟಡ ಎದ್ದರೆ ಅದೂ ನಿಂತು ಹೋಗುತ್ತೆ!”

ಸಭೆ ಒಂದು ಕ್ಷಣ ಸ್ತಬ್ಧವಾಯಿತು, ಆಮೇಲೆ ಕೋಲಾಹಲ. ಅದುವರೆಗೆ ತೂಕಡಿಸುತ್ತಿದ್ದವರೂ ಸಹಿ ಹಾಕಲು ಮುಂದೆ ಬಂದರು.

ಗವೀಪುರದ ಆ ಗುಹಾಲಯದ ವಿಷಯ ತಮಗೆ ತಿಳಿದದ್ದೇ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಸ್ಪರ್ಶಿಸುತ್ತವೆ. ಅದನ್ನು ನೋಡಲು ಪ್ರತಿವರ್ಷವೂ ಸಾವಿರಾರು ಜನ ಸೇರುತ್ತಾರೆ. ಆ ಹೊತ್ತಿನಲ್ಲಿ ಸೂರ್ಯ ನೈಋತ್ಯದಲ್ಲಿ ಹತ್ತು ಹನ್ನೊಂದು ಡಿಗ್ರಿ ಎತ್ತರದಲ್ಲಿರುತ್ತಾನೆ. ನಮ್ಮ ಬೀದಿ ಇರುವುದು ಗುಡಿಯಿಂದ ಸುಮಾರು ಒಂದು ಕಿಲೋಮೀಟರ್ ಪೂರ್ವಕ್ಕೆ. ಪೂರ್ವದಲ್ಲಿರುವ ಕಟ್ಟಡ ಪಶ್ಚಿಮದ ಸೂರ್ಯನನ್ನು ಮರೆಮಾಡಲಾರದೆಂಬುದನ್ನು ತಿಳಿಯಲು ಭೌತಶಾಸ್ತ್ರ ಬೇಡ. ಏಳನೆಯ ತರಗತಿಯ ಹುಡುಗ ಹೇಳಿಯಾನು. ನಮ್ಮ ಬೀದಿಯಲ್ಲಿ ಎಂಟಂತಸ್ತಲ್ಲ, ಎಂಬತ್ತಂತಸ್ತು ಎದ್ದರೂ ಆ ಸಂಜೆ ಗಂಗಾಧರೇಶ್ವರನಿಗೆ ಎಳ್ಳಷ್ಟೂ ಬಾಧೆಯಿಲ್ಲ.

ಇದು ನನಗೆ ಆ ಕ್ಷಣವೇ ಹೊಳೆಯಿತು. ವೇದಿಕೆಯ ಮೇಲೆ, ಕೈಯಲ್ಲಿ ಲೆಕ್ಕದ ಹಾಳೆ ಹಿಡಿದು ನಾನೇ ನಿಂತಿದ್ದೆ. ಆದರೂ ನಾನು ಬಾಯಿ ಬಿಡಲಿಲ್ಲ. ಹೇಗೂ ನಮ್ಮ ಪಕ್ಷಕ್ಕೆ ಬಲ ಬರುತ್ತಿದೆಯಲ್ಲ ಎಂದುಕೊಂಡೆ. ಅರ್ಜಿಯಲ್ಲಿ ಗುಡಿಯ ಮಾತು ಮೊದಲನೆಯ ಕಲಮಾಯಿತು. ನನ್ನ ನೆರಳು ನೀರುಗಳು ಎರಡನೆಯದೂ ಮೂರನೆಯದೂ ಆದವು. ಮೊದಲ ಸಹಿ ನನ್ನದೇ. ಕೆಳಗೆ ನೂರಕ್ಕೂ ಮಿಕ್ಕಿ ಸಹಿಗಳು.

ಮೂರು ದಿನಗಳ ಮೇಲೆ ನೆರೆಮನೆಯ ಹಿರಿಯರು ನಮ್ಮ ಮನೆಗೆ ಬಂದರು. ಕೋಪದಿಂದ ಬಂದಿದ್ದರೆ ಉತ್ತರ ಸಿದ್ಧವಿತ್ತು. ಅವರು ಎಂದಿನಂತೆ ಜಗಲಿಯ ಮೇಲೆ ಕುಳಿತು, ಕಾಫಿ ಕುಡಿದು, ಲೋಟವನ್ನು ಕೆಳಗಿಟ್ಟು ಹೇಳಿದರು: “ಮೇಷ್ಟ್ರೇ, ನಿಮ್ಮ ಲೆಕ್ಕ ಚೆನ್ನಾಗಿತ್ತಂತೆ. ನನ್ನದೂ ಒಂದು ಹಳೇ ಲೆಕ್ಕ ಇದೆ. 1984ರಲ್ಲಿ ನೀವು ಮಹಡಿ ಎತ್ತಿದಿರಲ್ಲ, ನಮ್ಮ ಗೋಡೆ ಪಕ್ಕದ ಪಾರಿಜಾತಕ್ಕೆ ಮಧ್ಯಾಹ್ನದ ಬಿಸಿಲು ತಪ್ಪಿಹೋಯಿತು. ನಮ್ಮಮ್ಮ ಬೆಳಗ್ಗೆ ಬುಟ್ಟಿ ತುಂಬ ಹೂ ಆಯ್ತಾ ಇದ್ದೋಳು, ಆಮೇಲಾಮೇಲೆ ಬೊಗಸೆಯಷ್ಟು ಆಯ್ದಳು. ನಾವು ಅರ್ಜಿ ಕೊಟ್ಟೆವಾ?”

ನಾನು ತಲೆ ತಗ್ಗಿಸಿದೆ.

“ನನಗೂ ಆ ಮನೆ ಕೆಡವೋಕೆ ಇಷ್ಟ ಇಲ್ಲ. ಆದರೆ ತಂಗಿಗೆ ಪಾಲು ಕೊಡಬೇಕು. ಅವಳ ಗಂಡನ ಕಾಯಿಲೆಗೆ ದುಡ್ಡು ಬೇಕು. ಹೆಂಚಿನ ಮನೆಯನ್ನ ನಾಲ್ಕು ತುಂಡು ಮಾಡೋದು ಹೇಗೆ, ಅದನ್ನೂ ಒಂದು ಲೆಕ್ಕ ಹಾಕಿಕೊಡಿ” ಎಂದು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, “ಆ ಗುಡಿ ವಿಷಯ ಮಾತ್ರ ನೀವು ಬರೆದದ್ದಲ್ಲ ಅಂತ ನನಗೆ ಗೊತ್ತು” ಎಂದರು. ಈ ಕಡೆಯ ಮಾತು ಪಾರಿಜಾತದ ಮಾತಿಗಿಂತ ಆಳವಾಗಿ ನೆಟ್ಟಿತು. ನಾನು ಬರೆದಿರಲಿಲ್ಲ, ನಿಜ. ಆದರೆ ಅದರ ಕೆಳಗೆ ಸಹಿ ಹಾಕಿದ್ದೆ.

ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ನಮ್ಮ ಬೀದಿಗೆ ಹೂ ತರುವ ಹೆಂಗಸು ಹುಟ್ಟಿದ್ದು ಗುಟ್ಟಹಳ್ಳಿಯಲ್ಲಿ. ಬಾಡಿಗೆ ಏರಿ ಏರಿ ಈಗ ಮಾಗಡಿ ರಸ್ತೆಯಲ್ಲಿ ತಾವರೆಕೆರೆಯ ಕಡೆ ಇದ್ದಾಳೆ. ನಸುಕಿನ ಮೊದಲ ಬಸ್ಸಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬಂದು ಹೂ ಕೊಂಡು, ಅಲ್ಲಿಂದ ಗಾಂಧಿ ಬಜಾರಿಗೆ ಬಂದು ಕಟ್ಟಿ, ಮನೆಮನೆಗೆ ಕೊಟ್ಟು, ಕತ್ತಲಾದ ಮೇಲೆ ಊರು ಸೇರುತ್ತಾಳೆ. ಮೊಳ ಹೂ ಅಳೆಯುತ್ತ ಅವಳು ನಮ್ಮ ಮನೆಯಾಕೆಯನ್ನು ಕೇಳಿದಳು: “ಅಮ್ಮಾವ್ರೇ, ಪಕ್ಕದಲ್ಲಿ ಹದಿನಾರು ಮನೆ ಬರ್ತವಂತೆ. ಅದ್ರಾಗೆ ಸಣ್ಣದೊಂದು ನಮ್ಮಂಥೋರ್ಗೂ ಬಾಡ್ಗೆಗೆ ಸಿಕ್ತದಾ?” ನಮ್ಮ ಮನೆಯಾಕೆ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಉತ್ತರವಿರಲಿಲ್ಲ. ಸಿಗುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಕಟ್ಟಡ ಎದ್ದರೂ ಸಿಗದು, ಏಳದಿದ್ದರೂ ಸಿಗದು. ಆದರೆ ಆ ಕಟ್ಟಡದ ಬಗ್ಗೆ ಅಷ್ಟೆಲ್ಲ ಮಾತಾಡಿದ ನಮ್ಮ ಸಭೆಯಲ್ಲಿ ಈ ಪ್ರಶ್ನೆಯನ್ನು ಒಬ್ಬರಾದರೂ ಕೇಳಿರಲಿಲ್ಲ.

ಆ ರಾತ್ರಿ ನನ್ನ ಹಾಳೆಯನ್ನು ಮತ್ತೆ ತೆಗೆದು ನೋಡಿದೆ. 8,640 ಲೀಟರ್ ನೀರು. ಆ ಅರವತ್ತನಾಲ್ಕು ಜನ ನಮ್ಮ ಬೀದಿಗೆ ಬರದಿದ್ದರೆ ನೀರು ಕುಡಿಯುವುದನ್ನು ಬಿಡುತ್ತಾರೆಯೆ? ಊರಾಚೆಯ ಯಾವುದೋ ಬಡಾವಣೆಯಲ್ಲಿ ಅಷ್ಟೇ ನೀರು ಬಳಸುತ್ತಾರೆ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಮೇಲಕ್ಕೆ ಪಂಪಾಗಿ ಬರುತ್ತದೆ. ಈಚೆಗೆ 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೆಂದು ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ ಆರಂಭವಾಯಿತಲ್ಲ, ಅದು ಮುಖ್ಯವಾಗಿ ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗಾಗಿ, ಅಂದರೆ ಅಡ್ಡಡ್ಡವಾಗಿ ಹಬ್ಬಿದ ಊರಿಗಾಗಿ. ಮೇಲಕ್ಕೆ ಏರಬಾರದೆಂದು ನಾವು ತಡೆದರೆ ಊರು ಬೆಳೆಯುವುದು ನಿಲ್ಲುವುದಿಲ್ಲ; ಬೇರೊಬ್ಬರ ಹೊಲದ ಮೇಲೆ, ಬೇರೊಂದು ಕೆರೆಯ ಅಂಗಳದ ಮೇಲೆ ಬೆಳೆಯುತ್ತದೆ. ಸುಂಕೇನಹಳ್ಳಿಯ ಕಥೆಯೇ ಇನ್ನೊಂದು ಹಳ್ಳಿಯಲ್ಲಿ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಸಂಖ್ಯೆ ಸರಿಯಿತ್ತು, ಪ್ರಶ್ನೆ ತಪ್ಪಿತ್ತು. ಕೇಳಬೇಕಾಗಿದ್ದದ್ದು ಇಷ್ಟು: ನಮ್ಮ ಬೀದಿಯ ಹಳೆಯ ಕೊಳವೆಯೂ ಒಳಚರಂಡಿಯೂ ಇಷ್ಟು ಭಾರವನ್ನು ತಡೆಯುತ್ತವೆಯೆ? ತಡೆಯದಿದ್ದರೆ ಯಾರು, ಯಾವಾಗ ಬದಲಿಸುತ್ತಾರೆ?

ಹಾಗಾದರೆ ಎತ್ತರವನ್ನು ವಿರೋಧಿಸುವವರೆಲ್ಲ ಸ್ವಾರ್ಥಿಗಳೋ? ಹಾಗೆನ್ನುವುದೂ ಅನ್ಯಾಯ. ನೆರೆಹೊರೆಯವರ ಹಟದಿಂದ ನಾಡಿಗೆ ಒಳ್ಳೆಯದಾದದ್ದೂ ಉಂಟು. ಬೆಂಗಳೂರಿನದೇ ರಾಜಮಹಲ್ ವಿಲಾಸ್ ಬಡಾವಣೆಯ ನಿವಾಸಿಗಳು ತಮ್ಮ ನಡುವೆ ಏಳುತ್ತಿದ್ದ ಬಹುಮಹಡಿ ಕಟ್ಟಡಗಳ ಮೇಲೆ ನ್ಯಾಯಾಲಯಕ್ಕೆ ಹೋದರು. ನಗರ ಯೋಜನೆಯ ನಿಯಮಗಳನ್ನು ಸರಿಯಾಗಿ ಪ್ರಕಟಿಸಿಯೇ ಇಲ್ಲ, ಆದ್ದರಿಂದ ಅವು ನಮಗೆ ಅನ್ವಯಿಸವು ಎಂಬುದು ಕಟ್ಟಿಸುವವರ ವಾದ. 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಯೋಜನೆಯ ಪ್ರತಿ ಕಚೇರಿಯಲ್ಲಿ ನೋಡಲು ದೊರೆಯುತ್ತದೆಂದು ರಾಜ್ಯಪತ್ರದಲ್ಲಿ ಪ್ರಕಟಣೆ ಬಂದಿದೆ, ಅಷ್ಟು ಸಾಕು ಎಂದಿತು. ಆ ತೀರ್ಪಿನ ಹಿಂದಿರುವ ತತ್ತ್ವ ನನಗೆ ಬಹಳ ದೊಡ್ಡದಾಗಿ ತೋರುತ್ತದೆ: ಜನರನ್ನು ಆಳುವ ನಿಯಮ ಜನರಿಗೆ ತಿಳಿಯುವಂತಿರಬೇಕು, ತಿಳಿದ ಮೇಲೆ ಅದು ದೊಡ್ಡವರಿಗೂ ಅನ್ವಯಿಸಬೇಕು.

ಹೊರದೇಶದ ಉದಾಹರಣೆಯೊಂದನ್ನೂ ಹೇಳಬಹುದು. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 1894ರಲ್ಲಿ ‘ಕೈರೋ’ ಎಂಬ 164 ಅಡಿ ಎತ್ತರದ ವಸತಿಗೃಹ ಎದ್ದಿತು. ಸುತ್ತ ಎರಡು ಮೂರು ಅಂತಸ್ತಿನ ಮನೆಗಳು. ಬೆಂಕಿ ಬಿದ್ದರೆ ಏಣಿ ಮುಟ್ಟದಲ್ಲ ಎಂದು ನೆರೆಯವರು ಹೌಹಾರಿದರು. ಆ ಗದ್ದಲದಿಂದ ಹುಟ್ಟಿದ ನಿಯಮಗಳು ಬೆಳೆದು 1910ರ ಕಾನೂನಾದವು. ಕಟ್ಟಡದ ಎತ್ತರ ಮುಂದಿನ ರಸ್ತೆಯ ಅಗಲಕ್ಕಿಂತ 20 ಅಡಿಗೆ ಮೀರಬಾರದು, ವ್ಯಾಪಾರದ ಬೀದಿಗಳಲ್ಲಿಯೂ ಸಾಮಾನ್ಯವಾಗಿ 130 ಅಡಿ ದಾಟಬಾರದು ಎಂಬ ಆ ಕಾನೂನು ಇಂದಿಗೂ ಉಳಿದಿದೆ. ಅದರಿಂದ ಆ ನಗರ ತನ್ನ ಆಕಾಶವನ್ನು ಉಳಿಸಿಕೊಂಡಿತೆಂದು ಹೊಗಳುವವರಿದ್ದಾರೆ; ಮನೆಯ ಬೆಲೆ ಏರಿ ಬಡವರು ಹೊರಗೆ ಸರಿದರೆಂದು ದೂರುವವರೂ ಇದ್ದಾರೆ. ಎರಡು ಮಾತಿನಲ್ಲಿಯೂ ತಥ್ಯವಿದೆ. ಆದರೆ ಎತ್ತರವನ್ನು ರಸ್ತೆಯ ಅಗಲಕ್ಕೆ ಕಟ್ಟಿಹಾಕಿದ ಆ ವಿವೇಕ ಮೆಚ್ಚತಕ್ಕದ್ದು. ರಸ್ತೆಯಲ್ಲಿ ಎಷ್ಟು ಬೆಳಕು ಉಳಿದೀತು, ಅಗ್ನಿಶಾಮಕ ವಾಹನ ಹೇಗೆ ತಿರುಗೀತು ಎಂಬುದು ಅದರಲ್ಲಿ ಅಡಗಿದೆ.

ಬೆಂಕಿಯ ಭಯವೂ ಕಲ್ಪಿತವಲ್ಲ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಅದು ಮುಗಿಲು ಮುಟ್ಟುವ ಗೋಪುರವೇನೂ ಆಗಿರಲಿಲ್ಲ. ಹೊಗೆ ತುಂಬಿದಾಗ ಹೊರಬರುವ ದಾರಿ ತೆರೆದಿದೆಯೆ ಎಂಬುದು ಅಂತಸ್ತುಗಳ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ. ನಾವು ಎತ್ತರವನ್ನೇ ನೋಡುತ್ತ ಕುಳಿತರೆ ಮೆಟ್ಟಿಲನ್ನು ನೋಡುವುದನ್ನು ಮರೆಯುತ್ತೇವೆ.

ಇಷ್ಟು ಯೋಚಿಸಿಕೊಂಡು ಎರಡನೆಯ ಸಭೆಗೆ ಹೋದೆ. ಮೊದಲು ಗುಡಿಯ ಕಲಮನ್ನು ತೆಗೆದುಹಾಕಬೇಕೆಂದೆ. ಕಪ್ಪುಹಲಗೆ ಇರಲಿಲ್ಲ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಗುಡಿಯನ್ನೂ ನಮ್ಮ ಬೀದಿಯನ್ನೂ ಮುಳುಗುವ ಸೂರ್ಯನನ್ನೂ ಬರೆದು ತೋರಿಸಿದೆ. ಹಿಂದಿನ ಸಭೆಯಲ್ಲಿಯೇ ಇದು ನನಗೆ ಗೊತ್ತಿತ್ತು, ಹೇಳದೆ ಇದ್ದದ್ದು ನನ್ನ ತಪ್ಪು ಎಂದೆ. ಗುಡಿಯ ಮಾತೆತ್ತಿದ್ದ ಮಹನೀಯರು, “ಮೇಷ್ಟ್ರು ಆ ಕಡೆಗೆ ಸೇರಿಕೊಂಡರು” ಎಂದರು. ಇನ್ನೊಬ್ಬರು, “ಅರ್ಜಿ ಗೆಲ್ಲಬೇಕಾದರೆ ಸ್ವಲ್ಪ ಹೆಚ್ಚುಕಡಿಮೆ ಬರೀಬೇಕಾಗುತ್ತೆ” ಎಂದರು. ನಾನು ನಿಂತುಕೊಂಡೇ ಇದ್ದೆ. ಮೂವತ್ತಾರು ವರ್ಷ ಮಕ್ಕಳಿಗೆ ದಿಕ್ಕು ಹೇಳಿಕೊಟ್ಟವನು ಮುಪ್ಪಿನಲ್ಲಿ ಪೂರ್ವವನ್ನು ಪಶ್ಚಿಮವೆನ್ನಲಾರೆ ಎಂದಷ್ಟೇ ಹೇಳಿದೆ.

ಕಡೆಗೆ ಹೊಸ ಅರ್ಜಿಯೊಂದು ಸಿದ್ಧವಾಯಿತು. ಎತ್ತರವೇ ಬೇಡವೆಂದು ಅದರಲ್ಲಿ ಬರೆಯಲಿಲ್ಲ. ಕೊಳವೆ ಮತ್ತು ಒಳಚರಂಡಿಯನ್ನು ಮೊದಲು ಬದಲಿಸಿ, ಆಮೇಲೆ ಪರವಾನಗಿ ಕೊಡಿ. ರಸ್ತೆಯ ಅಗಲಕ್ಕೆ ಒಪ್ಪುವ ಎತ್ತರವಿರಲಿ. ಸುತ್ತ ಬಿಡಬೇಕಾದ ಜಾಗವನ್ನು ನಕ್ಷೆಯಲ್ಲಿ ಮಾತ್ರವಲ್ಲ, ನೆಲದ ಮೇಲೂ ಅಳೆದು ನೋಡಿ. ರೈಲಿನ ಹತ್ತಿರವೆಂದು ಹೆಚ್ಚಿಗೆ ಅಂತಸ್ತು ಕೊಡುವುದಾದರೆ ಅವುಗಳಲ್ಲಿ ಒಂದು ಪಾಲು, ದಿನವೂ ರೈಲು ಬಸ್ಸು ಹತ್ತುವವರಿಗೆ ನಿಲುಕುವ ಸಣ್ಣ ಮನೆಗಳಾಗಿರಲಿ ಎಂದು ನಾಲ್ಕು ಕಲಮು. ನಾಲ್ಕನೆಯದಕ್ಕೆ ಸಭೆಯಲ್ಲಿ ಹೆಚ್ಚು ಉತ್ಸಾಹ ಕಾಣಲಿಲ್ಲ. ನೂರಕ್ಕೂ ಮಿಕ್ಕಿದ್ದ ಸಹಿಗಳು ಮೂವತ್ತೊಂದಕ್ಕೆ ಇಳಿದವು. ಮೂವತ್ತೆರಡನೆಯ ಸಹಿ ನೆರೆಮನೆಯ ಹಿರಿಯರದು. “ನನ್ನ ಮನೆ ಮೇಲೆ ನಾನೇ ಅರ್ಜಿ ಹಾಕಿದ ಹಾಗಾಯಿತು” ಎಂದು ನಕ್ಕರು; ಆದರೂ ಸಹಿ ಹಾಕಿದರು. ಅರ್ಜಿಯನ್ನು ಕೊಟ್ಟು ಬಂದೆವು. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನನ್ನ ಬಳಿ ಇದೆ. ಅದಕ್ಕಿಂತ ಹೆಚ್ಚಿನ ಉತ್ತರ ಬರಲಿಲ್ಲ.

ಎಂಟಂತಸ್ತು ಏಳಲಿಲ್ಲ. ಅದು ನಮ್ಮ ಅರ್ಜಿಯ ಮಹಿಮೆಯಲ್ಲ. ಬಿಲ್ಡರನ ಸಾಲದ ಲೆಕ್ಕಕ್ಕೂ ಅಣ್ಣತಮ್ಮಂದಿರ ಪಾಲಿನ ಲೆಕ್ಕಕ್ಕೂ ಕೂಡಿಬರದೆ, ಕೆಳಗೆ ಕಾರುಗಳಿಗೆ ಜಾಗ, ಮೇಲೆ ನಾಲ್ಕು ಅಂತಸ್ತು, ಎಂಟು ಮನೆ ಎಂದು ಇತ್ಯರ್ಥವಾಯಿತು. ಹೆಂಚು ಇಳಿಸಿದ ದಿನ ಹಿರಿಯರು ಊರಲ್ಲಿರಲಿಲ್ಲ, ಬೇಕೆಂದೇ ಹೋಗಿದ್ದರು. ಪಾರಿಜಾತದ ಬುಡವನ್ನು ಕಡಿಯುವ ಮೊದಲು ನಾನು ಮೂರು ರೆಂಬೆಗಳನ್ನು ತಂದು ನಮ್ಮ ಮನೆಯ ಮುಂದೆ ನೆಟ್ಟೆ. ಮೂರು ರೆಂಬೆಗಳಲ್ಲಿ ಎರಡು ಒಣಗಿ, ಒಂದು ಹಿಡಿಯಿತು.

ಈಗ ಡಿಸೆಂಬರಿನ ಬೆಳಗ್ಗೆ ಒಂಬತ್ತರವರೆಗೂ ನಮ್ಮ ಜಗಲಿಗೆ ಬಿಸಿಲಿಲ್ಲ. ಹದಿನೈದು ಮೀಟರಿನ ಕಟ್ಟಡಕ್ಕೆ ಇಪ್ಪತ್ತಾರು ಮೀಟರ್ ನೆರಳು, ಲೆಕ್ಕ ತಪ್ಪಿಲ್ಲ. ಬಿಸಿಲಿಲ್ಲದ್ದು ನನಗೆ ಬೇಸರವೇ. ನ್ಯಾಯದ ಯಾವ ಮಾತೂ ಮೊಣಕಾಲಿನ ಚಳಿಯನ್ನು ಕಳೆಯುವುದಿಲ್ಲ. ಹಿರಿಯರು ಎರಡನೆಯ ಅಂತಸ್ತಿನ ಮನೆಯನ್ನು ಇಟ್ಟುಕೊಂಡಿದ್ದಾರೆ. ಬಾಲ್ಕನಿಯಿಂದ ಬಗ್ಗಿ, “ಮೇಷ್ಟ್ರೇ, ಬಿಸಿಲು ಬೇಕಾದರೆ ಮೇಲೆ ಬನ್ನಿ” ಎಂದು ಕರೆಯುತ್ತಾರೆ. ಬೇಸಗೆಯಲ್ಲಿ ನಮ್ಮ ಮನೆಯಾಕೆ ಸಂಡಿಗೆ ಹಾಕುವುದು ಅವರ ತಾರಸಿಯ ಮೇಲೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಬೆಂಗಳೂರಿನ ನೆತ್ತಿಗೆ ಬರುತ್ತಾನಷ್ಟೆ. ಆ ನಡುಹಗಲಿನಲ್ಲಿ ಎಂಟಂತಸ್ತಿಗೂ ಹೆಂಚಿನ ಮನೆಗೂ ಒಂದೇ ಸಮನಾಗಿ ನೆರಳೇ ಇರುವುದಿಲ್ಲ. ಹೂವಿನ ಹೆಂಗಸು ಈಗಲೂ ತಾವರೆಕೆರೆಯ ಕಡೆಯಿಂದ ಮೊದಲ ಬಸ್ಸಿನಲ್ಲಿಯೇ ಬರುತ್ತಾಳೆ. ಎಂಟು ಮನೆಗಳಿಗೂ ಹೂ ಕೊಡುತ್ತಾಳೆ.

ಕಳೆದ ಸಂಕ್ರಾಂತಿಯ ಸಂಜೆ ನಾನು ಗವೀಪುರಕ್ಕೆ ಹೋಗಿದ್ದೆ. ಎಲ್ಲರೂ ಗುಹೆಯ ಒಳಗೆ ನೋಡುತ್ತಿದ್ದಾಗ ನಾನು ಹೊರಗೆ ನಿಂತು ನೈಋತ್ಯದ ಕಡೆಗೆ ನೋಡುತ್ತಿದ್ದೆ. ಸೂರ್ಯ ಅಷ್ಟು ತಗ್ಗಿನಲ್ಲಿರುವಾಗ ನೆರಳು ಎತ್ತರದ ಐದು ಪಟ್ಟಿಗೂ ಹೆಚ್ಚು. ಆ ದಿಕ್ಕಿನಲ್ಲಿ, ಆ ಒಂದು ಕಿರಿದಾದ ಆಕಾಶದ ಓಣಿಯಲ್ಲಿ, ಹತ್ತಿರದಲ್ಲಿ ಏಳುವ ಪ್ರತಿಯೊಂದು ಅಂತಸ್ತೂ ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿಯ ಜನ ಎತ್ತರದ ಮೇಲೆ ಆಕ್ಷೇಪಣೆ ಸಲ್ಲಿಸುವ ದಿನ ಬಂದರೆ ಅವರಿಗೆ ನೂರಕ್ಕೆ ನೂರು ಕಾರಣವಿರುತ್ತದೆ. ಅಂದು ಅವರ ಮಾತನ್ನು ಕೇಳುವವರು ಇರಬೇಕಲ್ಲ? ನಮ್ಮ ಬೀದಿಯ ಕಾರು ನಿಲ್ಲಿಸುವ ಜಾಗಕ್ಕಾಗಿ ಗಂಗಾಧರೇಶ್ವರನ ಹೆಸರನ್ನು ನಾವು ಖರ್ಚು ಮಾಡಿಬಿಟ್ಟಿದ್ದರೆ, ಇವರದೂ ಅದೇ ಹಾಡು ಎಂದು ಅಧಿಕಾರಿಗಳು ಆ ಅರ್ಜಿಯನ್ನೂ ಕಟ್ಟಿ ಮೂಲೆಗಿಡುತ್ತಿದ್ದರು.

ಒಳಗೆ ಘಂಟೆಯ ನಾದವೆದ್ದಿತು. ಕಿರಣ ಬಂದಿತೆಂದು ತಿಳಿಯಿತು. ನಾನು ಇನ್ನೊಂದು ಗಳಿಗೆ ಹೊರಗೇ ನಿಂತು, ಆ ಕಡೆಯ ತಾರಸಿಗಳನ್ನು ಒಂದೊಂದಾಗಿ ಎಣಿಸಿ ಗುರುತು ಮಾಡಿಕೊಂಡೆ. ಆಮೇಲೆ ಸಾಲಿನಲ್ಲಿ ನಿಂತೆ.